ಅರ್ಧ ಪೆನ್ನಿಯ ಕಾಲುಸೇತುವೆ: ಇಸಂಬಾರ್ಡ್ ಬ್ರೂನೆಲನ ಜೀವನ

ನದಿಯ ದಡದಲ್ಲಿ ಹುಟ್ಟಿ ಬೆಳೆದ ನಗರಕ್ಕೆ ನದಿಯು ತಾಯಿಯೂ ಹೌದು, ಅಡ್ಡಗೋಡೆಯೂ ಹೌದು. ನೀರನ್ನೂ ವ್ಯಾಪಾರವನ್ನೂ ತಂಪುಗಾಳಿಯನ್ನೂ ಕೊಡುವ ಹೊಳೆಯೇ ಈಚೆಯ ದಡದವನನ್ನು ಆಚೆಯ ದಡದವನಿಂದ ದೂರ ಮಾಡುತ್ತದೆ. ಕುದುರೆಗಾಡಿಯುಳ್ಳ ಸಿರಿವಂತನಿಗೆ ಮೈಲಿಯಾಚೆಯ ಸೇತುವೆ ದೂರವೆನಿಸದು. ಕಣ್ಣೆದುರಿಗೆ ಕಾಣುವ ಪೇಟೆಯನ್ನು ಮುಟ್ಟುವುದಕ್ಕೆ ಬೀದಿ ಬೀದಿ ಸುತ್ತಬೇಕಾದವನು ಕಾಲ್ನಡಿಗೆಯವನು. ತಲೆಯ ಮೇಲೆ ಬುಟ್ಟಿ ಹೊತ್ತವಳು, ಕೈಯಲ್ಲಿ ಕೂಸನ್ನು ಹಿಡಿದವಳು. ರಾಜಮಾರ್ಗಗಳಿಗಾಗಿ, ಸೈನ್ಯಗಳಿಗಾಗಿ, ಸರಕಿಗಾಗಿ ಕಟ್ಟಿದ ಸೇತುವೆಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಮಹಾನಗರದ ನಡುವೆ, ಅಗಲವಾದ ನದಿಯೊಂದರ ಮೇಲೆ, ಕೇವಲ ನಡೆಯುವವರಿಗೆಂದು ದೊಡ್ಡ ಶಿಲ್ಪಿಯೊಬ್ಬನು ಕಟ್ಟಿದ ಸೇತುವೆಗಳು ವಿರಳ.

ಅಂಥದೊಂದು ಸೇತುವೆಯನ್ನು ಲಂಡನ್ನಿನ ಥೇಮ್ಸ್ ನದಿಗೆ ಕಟ್ಟಿದವನು ಇಸಂಬಾರ್ಡ್ ಕಿಂಗ್ಡಮ್ ಬ್ರೂನೆಲ್. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಇಂಜಿನಿಯರುಗಳಲ್ಲಿ ಅವನ ಹೆಸರು ಮೊದಲ ಸಾಲಿನದು. ಆದರೆ ಲೋಕವು ಅವನನ್ನು ನೆನೆಯುವುದು ಮಹಾ ರೈಲುದಾರಿಯ ನಿರ್ಮಾಪಕನೆಂದು, ಸಮುದ್ರವನ್ನು ದಾಟಿದ ಕಬ್ಬಿಣದ ಹಡಗುಗಳ ಜನಕನೆಂದು. ಅವನ ಕಾಲುಸೇತುವೆಯನ್ನು ನೆನೆಯುವವರು ಕಡಮೆ. ಅದು ನಿಂತದ್ದು ಹದಿನೈದು ವರ್ಷ ಮಾತ್ರ. ಹಾಗಿದ್ದರೂ ಆ ಅಲ್ಪಾಯುಷಿಯಾದ ಸೇತುವೆಯ ದಿಕ್ಕಿನಿಂದ ನೋಡಿದಾಗ ಬ್ರೂನೆಲನ ಬಾಳು ಇಡಿಯಾಗಿ ಕಾಣುತ್ತದೆ. ಅವನ ಸಾಹಸ, ಅವನ ಸೋಲು, ಅವನು ಮುಗಿಸಲಾರದೆ ಹೋದ ಕನಸು ಇವೆಲ್ಲವೂ ಅದರ ಸರಪಳಿಯಲ್ಲಿ ಕೊಂಡಿಗೆ ಕೊಂಡಿಯಂತೆ ಕೂಡಿಕೊಂಡಿವೆ.

ಬ್ರೂನೆಲನು ಹುಟ್ಟಿದ್ದು 1806ರ ಏಪ್ರಿಲ್ 9ರಂದು, ದಕ್ಷಿಣ ಇಂಗ್ಲೆಂಡಿನ ಬಂದರು ಪಟ್ಟಣವಾದ ಪೋರ್ಟ್ಸ್‌ಮತ್‌ನಲ್ಲಿ. ತಂದೆ ಮಾರ್ಕ್ ಬ್ರೂನೆಲ್ ಫ್ರಾನ್ಸಿನ ನಾರ್ಮಂಡಿಯವನು. ರಾಜಪಕ್ಷದವನಾಗಿದ್ದ ಅವನು ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ತಲೆ ಉಳಿಸಿಕೊಂಡು ಅಮೆರಿಕೆಗೆ ಹೋದನು. ಅಲ್ಲಿಂದ 1799ರಲ್ಲಿ ಇಂಗ್ಲೆಂಡಿಗೆ ಬಂದು, ಹಿಂದೆ ಫ್ರಾನ್ಸಿನಲ್ಲಿ ಮನಸ್ಸು ಕೊಟ್ಟಿದ್ದ ಸೋಫಿಯಾ ಕಿಂಗ್ಡಮ್ ಎಂಬ ಇಂಗ್ಲಿಷ್ ಕನ್ಯೆಯನ್ನು ಮದುವೆಯಾದನು. ಅವಳೂ ಕ್ರಾಂತಿಯ ದಿನಗಳಲ್ಲಿ ಶತ್ರುದೇಶದವಳೆಂದು ಫ್ರಾನ್ಸಿನ ಸೆರೆಯನ್ನು ಕಂಡವಳು. ಒಬ್ಬೊಬ್ಬರು ಒಂದೊಂದು ದಡದಲ್ಲಿ ಉಳಿದು, ಮತ್ತೆ ಕೂಡಿದ ದಂಪತಿಗಳ ಮಗ ಇಸಂಬಾರ್ಡ್.

ಮಾರ್ಕನು ಯಂತ್ರಗಳ ವಿಷಯದಲ್ಲಿ ಅಸಾಧಾರಣ ಪ್ರತಿಭಾಶಾಲಿ. ಹಣದ ವಿಷಯದಲ್ಲಿ ಮಗುವಿನಷ್ಟೇ ಮುಗ್ಧ. ಹಡಗಿನ ಹಾಯಿಗಳಿಗೆ ಬೇಕಾಗುವ ರಾಟೆಗಳನ್ನು ಯಂತ್ರಗಳಿಂದಲೇ ತಯಾರಿಸುವ ವಿಧಾನವನ್ನು ಅವನು ಪೋರ್ಟ್ಸ್‌ಮತ್ ನೌಕಾಂಗಣಕ್ಕೆ ಕೊಟ್ಟನು. ಆದರೂ 1821ರಲ್ಲಿ ಸಾಲ ತೀರಿಸಲಾರದೆ ಸೆರೆಮನೆ ಸೇರಿದನು. ಹೆಂಡತಿಯೂ ಅವನೊಡನೆ ಹೋಗಿ ಅಲ್ಲಿಯೇ ಇದ್ದಳು. ಸರ್ಕಾರವು 5,000 ಪೌಂಡು ಕೊಟ್ಟು ಅವನನ್ನು ಬಿಡಿಸಿಕೊಂಡಿತು. ಆ ಹೊತ್ತಿಗೆ ಇಸಂಬಾರ್ಡನು ಫ್ರಾನ್ಸಿನಲ್ಲಿ ಓದುತ್ತಿದ್ದ ಹುಡುಗ. ಪ್ಯಾರಿಸಿನಲ್ಲಿ ಗಣಿತವನ್ನು ಕಲಿತು, ಬ್ರೆಗೆ ಎಂಬ ಹೆಸರಾಂತ ಗಡಿಯಾರಗಾರನ ಬಳಿ ಕೈಕೆಲಸದಲ್ಲಿ ಪಳಗಿ, 1822ರಲ್ಲಿ ಅವನು ಇಂಗ್ಲೆಂಡಿಗೆ ಮರಳಿದನು. ಕೂದಲೆಳೆಯಷ್ಟು ಸೂಕ್ಷ್ಮವಾದ ಅಳತೆಯನ್ನು ಗಡಿಯಾರದಲ್ಲಿ ಕಲಿತವನು ಮುಂದೆ ನೂರಾರು ಟನ್ನು ಕಬ್ಬಿಣಕ್ಕೂ ಅದೇ ಅಳತೆಯನ್ನು ಅನ್ವಯಿಸಿದನು.

ಮಗನಿಗೆ ತೂಗುಸೇತುವೆಯ ಮೊದಲ ಪಾಠವೂ ಮನೆಯಲ್ಲಿಯೇ ದೊರೆಯಿತು. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪಕ್ಕೆ, ಎಂದರೆ ಇಂದಿನ ರೆಯೂನಿಯನ್ನಿಗೆ, ಮಾರ್ಕನು 1823ರ ಸುಮಾರಿನಲ್ಲಿ ಎರಡು ತೂಗುಸೇತುವೆಗಳನ್ನು ರೂಪಿಸಿದನು. ಅಲ್ಲಿ ಬೀಸುವ ಚಂಡಮಾರುತವು ಹಗುರವಾದ ಸೇತುವೆಯನ್ನು ಕೆಳಗಿನಿಂದ ಎತ್ತಿ ಒಗೆಯಬಲ್ಲದು. ಆದುದರಿಂದ ಮೇಲೆ ತೂಗುವ ಸರಪಳಿಗಳ ಜೊತೆಗೆ, ಕೆಳಗಿನಿಂದ ಬಿಗಿದು ಹಿಡಿಯುವ ಸರಪಳಿಗಳನ್ನೂ ಅವನು ಅಳವಡಿಸಿದನು. ಸೇತುವೆಯು ಹೊರುವ ಭಾರಕ್ಕಿಂತ ಅದು ಎದುರಿಸುವ ಅಲುಗಾಟವೇ ಎಷ್ಟೋ ಸಲ ಹೆಚ್ಚು ಅಪಾಯಕಾರಿ ಎಂಬ ಸತ್ಯವು ತರುಣ ಬ್ರೂನೆಲನ ಮನಸ್ಸಿನಲ್ಲಿ ಅಂದಿನಿಂದಲೇ ನೆಲೆಸಿತು.

ಆದರೆ ತಂದೆ ಮಕ್ಕಳು ಥೇಮ್ಸ್ ನದಿಯನ್ನು ಮೊದಲು ದಾಟಲು ಹೊರಟದ್ದು ಅದರ ಮೇಲಿನಿಂದಲ್ಲ, ಅಡಿಯಿಂದ. ಲಂಡನ್ನಿನ ಪೂರ್ವಭಾಗದಲ್ಲಿ ಹಡಗುಗಳ ದಟ್ಟಣೆ ಬಹಳ. ಎತ್ತರದ ಪಟಸ್ತಂಭಗಳು ಓಡಾಡುವಲ್ಲಿ ಸೇತುವೆಗೆ ಎಡೆಯಿಲ್ಲ. ಹಡಗಿನ ಹಲಗೆಯನ್ನು ಕೊರೆಯುವ ಹುಳುವು ತಾನು ಕೊರೆದ ದಾರಿಯನ್ನು ಹಿಂದಿನಿಂದ ಗಟ್ಟಿಮಾಡಿಕೊಂಡು ಹೋಗುವುದನ್ನು ಕಂಡಿದ್ದ ಮಾರ್ಕನು, ಅದೇ ನ್ಯಾಯದಿಂದ ಕಬ್ಬಿಣದ ದೊಡ್ಡ ಚೌಕಟ್ಟೊಂದನ್ನು ಕಲ್ಪಿಸಿದನು. ಮೂವತ್ತಾರು ಗೂಡುಗಳ ಆ ಚೌಕಟ್ಟಿನಲ್ಲಿ ಒಂದೊಂದು ಗೂಡಿಗೂ ಒಬ್ಬೊಬ್ಬ ಕೂಲಿಯವನು ನಿಂತು ಎದುರಿನ ಮಣ್ಣನ್ನು ಅಗೆಯುವುದು. ಚೌಕಟ್ಟನ್ನು ಮುಂದಕ್ಕೆ ನೂಕುವುದು. ಹಿಂದೆ ಇಟ್ಟಿಗೆಯ ಕಮಾನು ಕಟ್ಟುವುದು. 1825ರಲ್ಲಿ ಕೆಲಸ ತೊಡಗಿತು. ಇಪ್ಪತ್ತರ ಹರೆಯದಲ್ಲಿಯೇ ಇಸಂಬಾರ್ಡನು ಸ್ಥಳದ ಹೊಣೆಯನ್ನು ಹೊತ್ತನು.

ಗೂಡಿನಲ್ಲಿ ನಿಂತವರಿಗೂ ನದಿಗೂ ನಡುವೆ ಇದ್ದುದು ಕೆಲವೇ ಅಡಿಗಳ ಮಣ್ಣಿನ ಪದರ. 1827ರ ಮೇ ತಿಂಗಳಲ್ಲಿ ನದಿ ಒಮ್ಮೆ ಒಳನುಗ್ಗಿತು. 1828ರ ಜನವರಿ 12ರಂದು ಮತ್ತೆ ನುಗ್ಗಿದಾಗ ಆರು ಜನ ಕಾರ್ಮಿಕರು ಮಡಿದರು. ನೀರಿನ ಸೆಳೆತಕ್ಕೆ ಸಿಕ್ಕಿ ಬಾವಿಯ ಬಾಯಿಯ ತನಕ ತೇಲಿಬಂದ ಇಸಂಬಾರ್ಡನು ಮಾತ್ರ ಪವಾಡವೆಂಬಂತೆ ಬದುಕಿಕೊಂಡನು. ದೇಹಕ್ಕೆ ಬಿದ್ದ ಪೆಟ್ಟು ಮಾಯಲು ತಿಂಗಳುಗಳೇ ಹಿಡಿದುವು. ಹಣವಿಲ್ಲದೆ ಸುರಂಗದ ಕೆಲಸ ಏಳು ವರ್ಷ ನಿಂತುಹೋಯಿತು. ಇಪ್ಪತ್ತೊಂದರ ತರುಣನಿಗೆ ಹಾಸಿಗೆಯ ಮೇಲೆ ಮಲಗಿ ಮುಂದಿನ ದಾರಿಯನ್ನು ಯೋಚಿಸುವುದಲ್ಲದೆ ಬೇರೆ ಕೆಲಸವಿರಲಿಲ್ಲ.

ಆ ವಿರಾಮವೇ ಅವನನ್ನು ಬ್ರಿಸ್ಟಲ್ ನಗರದ ಕ್ಲಿಫ್ಟನ್ನಿಗೆ ಕರೆದೊಯ್ಯಿತು. ಅಲ್ಲಿ ಏವನ್ ನದಿಯು ಕಡಿದಾದ ಬಂಡೆಗಳ ಕಮರಿಯಲ್ಲಿ ಹರಿಯುತ್ತದೆ. ವಿಲಿಯಂ ವಿಕ್ ಎಂಬ ದ್ರಾಕ್ಷಾರಸದ ವರ್ತಕನೊಬ್ಬನು ಹದಿನೆಂಟನೆಯ ಶತಮಾನದ ನಡುವಿನಲ್ಲಿ 1,000 ಪೌಂಡು ಇಟ್ಟುಹೋಗಿದ್ದನು. ಬಡ್ಡಿ ಬೆಳೆದು ಅದು ಹತ್ತುಪಟ್ಟಾದಾಗ ಕಮರಿಗೆ ಸೇತುವೆ ಕಟ್ಟಬೇಕೆಂದು ಅವನ ಇಚ್ಛೆ. 1829ರಲ್ಲಿ ಸ್ಪರ್ಧೆ ನಡೆಯಿತು. ತೀರ್ಪುಗಾರನಾಗಿದ್ದ ಥಾಮಸ್ ಟೆಲ್ಫರ್ಡ್, ಆ ಕಾಲದ ಸೇತುವೆ ನಿರ್ಮಾಪಕರ ಹಿರಿಯ. ಅವನು ಬಂದ ನಕ್ಷೆಗಳನ್ನೆಲ್ಲ ತಳ್ಳಿಹಾಕಿ ತನ್ನದೇ ಒಂದು ನಕ್ಷೆಯನ್ನು ಮುಂದಿಟ್ಟನು. ಜನ ಅದನ್ನು ಮೆಚ್ಚಲಿಲ್ಲ. ಎರಡನೆಯ ಸ್ಪರ್ಧೆಯಾಗಿ, 1831ರಲ್ಲಿ ಬ್ರೂನೆಲನ ನಕ್ಷೆಗೆ ಒಪ್ಪಿಗೆ ದೊರೆಯಿತು. ಇಪ್ಪತ್ತೈದು ತುಂಬದವನ ಕೈಗೆ ಅವನ ಮೊದಲ ಮಹಾಕಾರ್ಯ ಬಂದಿತು.

ಆದರೆ ವಿಧಿಯು ಬೇರೆಯೇ ಬಗೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮತದಾನದ ಸುಧಾರಣೆಯ ಪ್ರಶ್ನೆಯ ಮೇಲೆ ಬ್ರಿಸ್ಟಲ್ಲಿನಲ್ಲಿ ದೊಂಬಿಗಳೆದ್ದುವು. ಹಣ ಹಾಕುವವರು ಹಿಂಜರಿದರು. ಐದು ವರ್ಷಗಳ ಮೇಲೆ, 1836ರಲ್ಲಿ, ಕೆಲಸ ಮತ್ತೆ ತೊಡಗಿತು. ಕಮರಿಯ ಆಚೆಗೂ ಈಚೆಗೂ ಉದ್ದವಾದ ಕಬ್ಬಿಣದ ಸಲಾಕೆಯೊಂದನ್ನು ಎಳೆದು ಕಟ್ಟಿ, ಅದರಿಂದ ಬುಟ್ಟಿಯೊಂದನ್ನು ತೂಗುಬಿಟ್ಟಿದ್ದರು. ಬುಟ್ಟಿಯು ನಡುವೆ ಸಿಕ್ಕಿಕೊಂಡಾಗ ಬ್ರೂನೆಲನೇ ಹೊರಗೆ ಹತ್ತಿ, ಪಾತಾಳದಂಥ ಆಳದ ಮೇಲೆ ತೂಗಾಡುತ್ತ, ತೊಡಕಿಕೊಂಡ ಹಗ್ಗವನ್ನು ಬಿಡಿಸಿದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಆದರೆ 1843ರ ಹೊತ್ತಿಗೆ ಹಣವೆಲ್ಲ ಮುಗಿಯಿತು. ಎರಡು ದಡಗಳಲ್ಲಿ ಎರಡು ಗೋಪುರಗಳು ನಿಂತುವು. ನಡುವೆ ಗಾಳಿ ಮಾತ್ರ. ಆ ಗೋಪುರಗಳನ್ನು ಬ್ರೂನೆಲನು ತನ್ನ ಉಳಿದ ಆಯುಷ್ಯವೆಲ್ಲ ಹಾಗೆಯೇ ನೋಡಬೇಕಾಯಿತು.

ಈ ನಡುವೆ ಅವನ ಕೀರ್ತಿ ಬೇರೆ ದಾರಿಯಿಂದ ಏರಿತು. 1833ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿಗೆ, ಲಂಡನ್ನಿನಿಂದ ಬ್ರಿಸ್ಟಲ್ಲಿಗೆ ಹಾಕಲಿದ್ದ ಗ್ರೇಟ್ ವೆಸ್ಟರ್ನ್ ರೈಲುದಾರಿಗೆ ಅವನು ಮುಖ್ಯ ಇಂಜಿನಿಯರಾದನು. ಇತರರು ಹಳಿಗಳ ನಡುವೆ ಐದಡಿಯೂ ತುಂಬದ ಅಂತರವಿಡುತ್ತಿದ್ದಾಗ ಇವನು ಏಳಡಿಯನ್ನು ಇಟ್ಟನು. ಬಾಕ್ಸ್ ಎಂಬಲ್ಲಿ ಎರಡು ಮೈಲಿಗೆ ಸ್ವಲ್ಪ ಕಡಮೆ ಉದ್ದದ ಸುರಂಗವನ್ನು ಬೆಟ್ಟದಲ್ಲಿ ಕೊರೆಸಿದನು. ಆ ಕೆಲಸದಲ್ಲಿ ನೂರರ ಸಮೀಪದಷ್ಟು ಕೂಲಿಗಳು ಪ್ರಾಣ ತೆತ್ತರು. 1841ರಲ್ಲಿ ದಾರಿ ಪೂರ್ತಿಯಾಯಿತು. ಮೇಡನ್‌ಹೆಡ್ಡಿನಲ್ಲಿ ಅವನು ಕಟ್ಟಿದ ಇಟ್ಟಿಗೆಯ ಸೇತುವೆಯ ಕಮಾನುಗಳು ಎಷ್ಟು ಚಪ್ಪಟೆಯಾಗಿದ್ದುವೆಂದರೆ ಅವು ಕುಸಿದೇ ಬೀಳುವುವೆಂದು ತಿಳಿದವರೇ ನುಡಿದರು. ಇಂದಿಗೂ ಅವುಗಳ ಮೇಲೆ ರೈಲು ಓಡುತ್ತಿದೆ.

ಕಾಲುಸೇತುವೆಯ ಕಥೆ ಮೊದಲಾಗುವುದು ಈ ಮಹಾಕಾರ್ಯಗಳ ನಡುವೆಯೇ. ಥೇಮ್ಸಿನ ಉತ್ತರ ದಡದಲ್ಲಿ, ಚೇರಿಂಗ್ ಕ್ರಾಸಿನ ಬಳಿ, ಹಂಗರ್‌ಫೋರ್ಡ್ ಎಂಬ ಮಾರುಕಟ್ಟೆ 1833ರಲ್ಲಿ ಹೊಸದಾಗಿ ತೆರೆದಿತ್ತು. ಮೀನು, ಮಾಂಸ, ಹಣ್ಣು, ತರಕಾರಿಗಳಿಗೆ ಅಂದವಾದ ಕಟ್ಟಡ. ಆದರೆ ವ್ಯಾಪಾರ ಸಾಲದು. ಎದುರು ದಡದ ಲ್ಯಾಂಬೆತ್ ಪ್ರದೇಶದಲ್ಲಿ ದುಡಿಮೆಗಾರರ ಸಂಸಾರಗಳು ಕಿಕ್ಕಿರಿದಿದ್ದುವು. ಅವರು ಈಚೆ ಬರಬೇಕಾದರೆ ಮೇಲಕ್ಕೆ ವೆಸ್ಟ್‌ಮಿನ್‌ಸ್ಟರ್ ಸೇತುವೆಗೋ ಕೆಳಕ್ಕೆ ವಾಟರ್ಲೂ ಸೇತುವೆಗೋ ಸುತ್ತಬೇಕು. ವಾಟರ್ಲೂ ಸೇತುವೆಯಲ್ಲಂತೂ ನಡೆಯುವವನೂ ಒಂದು ಪೆನ್ನಿ ಸುಂಕ ತೆರಬೇಕು. ನಡುವೆ ಕಾಲ್ನಡಿಗೆಯವರಿಗೊಂದು ಸೇತುವೆ ಕಟ್ಟುವುದಕ್ಕೆ 1836ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ದೊರೆಯಿತು. 1841ರಲ್ಲಿ ಕಟ್ಟಡ ತೊಡಗಿತು. ಇಂಜಿನಿಯರು ಬ್ರೂನೆಲ್.

ಗಾಡಿಗಳಿಲ್ಲದ ಸೇತುವೆಯೆಂದರೆ ಸುಲಭದ ಕೆಲಸವೆಂದು ನಮಗೆ ತೋರಬಹುದು. ಆದರೆ ಗುಂಪಾಗಿ ನಡೆಯುವ ಮನುಷ್ಯರ ಭಾರವು ಬಲು ಚಂಚಲವಾದದ್ದು. 1831ರ ಏಪ್ರಿಲ್ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಮೀಪದ ಬ್ರೌಟನ್ನಿನ ತೂಗುಸೇತುವೆಯು, ಹೆಜ್ಜೆಗೆ ಹೆಜ್ಜೆ ಕೂಡಿಸಿ ಸಾಗುತ್ತಿದ್ದ ಸಿಪಾಯಿಗಳ ಕಾಲಡಿಯಲ್ಲಿ ಮುರಿದುಬಿದ್ದಿತ್ತು. ಜೋಕಾಲಿಯನ್ನು ಲಯವರಿತು ಮೀಟಿದರೆ ಸಣ್ಣ ಮಗುವೂ ಅದನ್ನು ಎತ್ತರಕ್ಕೆ ಒಯ್ಯಬಲ್ಲುದಲ್ಲವೆ? ತೂಗುಸೇತುವೆಯೂ ಒಂದು ಬಗೆಯ ಜೋಕಾಲಿ. ಇದರ ಮೇಲೆ ಜನ ನೋಡುವುದಕ್ಕೆಂದು ಒಂದೇ ಅಂಚಿಗೆ ನುಗ್ಗುವರು, ಒಂದೇ ಕಡೆ ನೆರೆಯುವರು, ಒಮ್ಮೆಲೆ ಚದರುವರು. ಸತ್ತ ಭಾರವನ್ನು ಲೆಕ್ಕ ಹಾಕಬಹುದು. ಜೀವಂತ ಭಾರವನ್ನು ಊಹಿಸಿಕೊಳ್ಳಬೇಕು.

ಬ್ರೂನೆಲನು ನದಿಯೊಳಗೆ ಎರಡು ಇಟ್ಟಿಗೆಯ ಗೋಪುರಗಳನ್ನು ಇಟಲಿಯ ಕಟ್ಟಡಗಳ ಮಾದರಿಯಲ್ಲಿ ನಿಲ್ಲಿಸಿದನು. ಅವುಗಳ ನಡುವಣ ಅಂತರ 676 ಅಡಿಗೂ ಮಿಕ್ಕಿದ್ದು. ಆ ದೇಶದಲ್ಲಿ ಅದುವರೆಗೆ ಅಷ್ಟು ಅಗಲದ ಸೇತುವೆ ಇರಲಿಲ್ಲ. ನಡೆದಾರಿಯ ಎರಡು ಪಕ್ಕಗಳಲ್ಲಿಯೂ ಒಂದರ ಮೇಲೊಂದರಂತೆ ಎರಡೆರಡು ಸರಪಳಿಗಳು. ಪ್ರತಿಯೊಂದು ಕೊಂಡಿಯಲ್ಲಿಯೂ ಹತ್ತರಷ್ಟು ಚಪ್ಪಟೆ ಕಬ್ಬಿಣದ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ತುದಿಗಳಿಗೆ ದಪ್ಪ ಕೀಲು ಹಾಕಿ, ಮುಂದಿನ ಕೊಂಡಿಗೆ ಹೊಂದಿಸಿದನು. ಒಂದು ಪಟ್ಟಿ ಕೈಕೊಟ್ಟರೂ ಉಳಿದವು ಹಿಡಿದಿಡಬೇಕೆಂಬುದು ಇದರ ತತ್ತ್ವ. ಗೋಪುರದ ನೆತ್ತಿಯಲ್ಲಿ ಸರಪಳಿಯನ್ನು ಬಿಗಿಯಾಗಿ ಕಟ್ಟದೆ, ಕುದುರೆಯ ಜೀನಿನಂಥ ಕಬ್ಬಿಣದ ಪೀಠದ ಮೇಲೆ ಕೂರಿಸಿ, ಪೀಠದ ಅಡಿಯಲ್ಲಿ ಉರುಳೆಗಳನ್ನು ಇರಿಸಿದನು. ಜನ ಒಂದು ಕಡೆ ನೆರೆದಾಗ ಸರಪಳಿ ಆ ಕಡೆಗೆ ತುಸು ಸರಿಯುವುದು. ಗೋಪುರವು ಓರೆಯ ಎಳೆತಕ್ಕೆ ಸಿಕ್ಕದೆ ನೇರವಾದ ಭಾರವನ್ನು ಮಾತ್ರ ಹೊರುವುದು. ಗಡಿಯಾರಗಾರನ ಶಿಷ್ಯನ ಕೈವಾಡ ಇಲ್ಲಿ ಎದ್ದು ಕಾಣುತ್ತದೆ.

ಈ ಕೆಲಸ ನಡೆಯುತ್ತಿದ್ದ 1843ನೆಯ ವರ್ಷ ಬ್ರೂನೆಲನ ಬಾಳಿನಲ್ಲಿ ವಿಚಿತ್ರವಾದದ್ದು. ಏಪ್ರಿಲಿನಲ್ಲಿ ಅವನು ಮಕ್ಕಳನ್ನು ನಗಿಸಲು ಚಿನ್ನದ ನಾಣ್ಯವೊಂದನ್ನು ಬಾಯಲ್ಲಿ ಅಡಗಿಸಿ ಇಂದ್ರಜಾಲ ತೋರಿಸುತ್ತಿದ್ದಾಗ ಅದು ಜಾರಿ ಶ್ವಾಸನಾಳವನ್ನು ಸೇರಿತು. ವೈದ್ಯರ ಇಕ್ಕಳಕ್ಕೂ ಅದು ಎಟಕಲಿಲ್ಲ. ಕೊನೆಗೆ, ತಿರುಗುವ ಹಲಗೆಯೊಂದಕ್ಕೆ ಅವನನ್ನು ಬಿಗಿದು ತಲೆಕೆಳಗು ಮಾಡಿ ಬೆನ್ನು ತಟ್ಟಿದಾಗ, ಆರು ವಾರಗಳ ಮೇಲೆ, ನಾಣ್ಯ ಹೊರಬಿತ್ತು. ಲಂಡನ್ ನಗರವೇ ಆ ಸುದ್ದಿಗಾಗಿ ಉಸಿರು ಬಿಗಿಹಿಡಿದು ಕಾದಿತ್ತು. ಅದೇ ವರ್ಷ ಮಾರ್ಚ್ 25ರಂದು ತಂದೆಯ ಸುರಂಗವೂ ಕೊನೆಗೆ ತೆರೆಯಿತು. ಗಾಡಿಗಳು ಇಳಿಯುವ ಇಳಿಜಾರುಗಳಿಗೆ ಹಣವೊದಗದೆ, ಅದೂ ಕಾಲ್ನಡಿಗೆಯವರ ದಾರಿಯಾಗಿಯೇ ಉಳಿಯಿತು. ಒಂದು ಪೆನ್ನಿ ಕೊಟ್ಟು, ಮೆಟ್ಟಿಲಿಳಿದು, ನದಿಯ ಅಡಿಯಲ್ಲಿ ನಡೆದುಹೋಗುವ ಸೋಜಿಗಕ್ಕಾಗಿ ಜನ ಲಕ್ಷಗಟ್ಟಲೆ ಬಂದರು.

1845ರ ಮೇ 1ರಂದು ಮಗನ ಸೇತುವೆ ತೆರೆಯಿತು. ಸುಂಕ ಅರ್ಧ ಪೆನ್ನಿ. ಹೀಗೆ ಎರಡು ವರ್ಷಗಳ ಅಂತರದಲ್ಲಿ ತಂದೆಯು ಥೇಮ್ಸಿನ ಅಡಿಯಲ್ಲಿಯೂ ಮಗನು ಅದರ ಮೇಲೆಯೂ ನಡೆಯುವವರಿಗೆ ದಾರಿ ಮಾಡಿಕೊಟ್ಟಂತಾಯಿತು. ಮೊದಲ ದಿನವೇ ಸಾವಿರ ಸಾವಿರ ಜನ ಅದರ ಮೇಲೆ ಹಾದುಹೋದರು.

ಮರುದಿನ, ಮೇ 2ರಂದು, ಪೂರ್ವ ಕರಾವಳಿಯ ಯಾರ್ಮತ್ ಪಟ್ಟಣದಿಂದ ದಾರುಣವಾದ ಸುದ್ದಿಯೊಂದು ಹೊರಟಿತು. ಸರ್ಕಸ್ಸಿನ ವಿದೂಷಕನೊಬ್ಬನು ಹೆಬ್ಬಾತುಗಳು ಎಳೆಯುವ ತೊಟ್ಟಿಯಲ್ಲಿ ಕುಳಿತು ನದಿಯಲ್ಲಿ ಬರುವನೆಂದು ಅಲ್ಲಿನ ತೂಗುಸೇತುವೆಯ ಮೇಲೆ ಜನ, ಅದರಲ್ಲಿಯೂ ಮಕ್ಕಳು, ಕಿಕ್ಕಿರಿದು ನೆರೆದಿದ್ದರು. ಅವನನ್ನು ಕಾಣಲು ಎಲ್ಲರೂ ಒಂದೇ ಪಕ್ಕಕ್ಕೆ ಬಾಗಿದರು. ಸರಪಳಿಯ ಕೊಂಡಿಯೊಂದು ಕಡಿಯಿತು; ನಡೆದಾರಿ ಓರೆಯಾಗಿ ಜನರನ್ನು ಹೊಳೆಗೆ ಸುರಿಯಿತು. 79 ಜನ ಸತ್ತರು, ಹೆಚ್ಚಿನವರು ಎಳೆಯರು. ಬೆಸುಗೆ ಸರಿಯಾಗಿರದಿದ್ದುದೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ಕಾಲುಸೇತುವೆಯನ್ನು ಕಟ್ಟುವವನ ಹೊಣೆ ಎಂಥದೆಂಬುದಕ್ಕೆ ಇದಕ್ಕಿಂತ ಕಠೋರವಾದ ಪಾಠ ಬೇಕಾಗಿರಲಿಲ್ಲ. ಅಂಥ ಸೇತುವೆಯ ಮೇಲೆ ಕಾಲಿಡುವವನು ಪಟ್ಟಿಯ ದಪ್ಪವನ್ನಾಗಲಿ ಬೆಸುಗೆಯ ಗುಣವನ್ನಾಗಲಿ ನೋಡುವುದಿಲ್ಲ. ಕಂಡರಿಯದ ಯಾವನೋ ಒಬ್ಬನ ಪ್ರಾಮಾಣಿಕತೆಯ ಮೇಲೆ ತನ್ನ ಪ್ರಾಣವನ್ನೂ ಮಕ್ಕಳ ಪ್ರಾಣವನ್ನೂ ಇಟ್ಟು ಆತನು ಮುಂದೆ ನಡೆಯುತ್ತಾನೆ. ಬ್ರೂನೆಲನ ಸೇತುವೆ ಆ ನಂಬಿಕೆಗೆ ಒಂದು ದಿನವೂ ಎರಡು ಬಗೆಯಲಿಲ್ಲ. ಲ್ಯಾಂಬೆತ್ತಿನ ಗೃಹಿಣಿಯರು ಮಾರುಕಟ್ಟೆಗೆ ಬಂದರು. ಗುಮಾಸ್ತರು ಕಚೇರಿಗೆ ನಡೆದರು. ಉಗಿದೋಣಿಯ ಪ್ರಯಾಣಿಕರು ಗೋಪುರದ ಬುಡದಲ್ಲಿ ಇಳಿದು ಹತ್ತಿ ಹೋದರು.

ಬ್ರೂನೆಲನ ತೂಗುಸೇತುವೆಗಳಲ್ಲಿ ಅವನ ಕಣ್ಣೆದುರಿಗೆ ಪೂರ್ತಿಯಾಗಿ ಇಂಥ ಹಿರಿಮೆ ಪಡೆದದ್ದು ಇದೊಂದೇ. ಆದರೆ ಅವನ ಮನಸ್ಸು ಅಲ್ಲಿ ನಿಲ್ಲುವಂಥದಾಗಿರಲಿಲ್ಲ. ಅದೇ 1845ರಲ್ಲಿ ಅವನ ಗ್ರೇಟ್ ಬ್ರಿಟನ್ ಎಂಬ ಕಬ್ಬಿಣದ ಹಡಗು ಅಟ್ಲಾಂಟಿಕ್ ಸಾಗರವನ್ನು ದಾಟಿತು. ಗಾಳಿಯ ಒತ್ತಡದಿಂದ ರೈಲನ್ನು ನಡೆಸುವ ಅವನ ಪ್ರಯೋಗ 1848ರಲ್ಲಿ ಸೋತು, ನಂಬಿದವರ ಹಣ ಮುಳುಗಿತು. 1855ರಲ್ಲಿ, ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ, ಮರದ ತುಂಡುಗಳಾಗಿ ಹಡಗಿನಲ್ಲಿ ಸಾಗಿಸಿ ಜೋಡಿಸಬಹುದಾದ ಆಸ್ಪತ್ರೆಯನ್ನು ರೂಪಿಸಿದನು. ಸಾಲ್ಟ್ಯಾಷ್ ಎಂಬಲ್ಲಿ ಟೇಮರ್ ನದಿಯ ಮೇಲೆ, 455 ಅಡಿಗಳ ಎರಡು ಅಂಕಣಗಳಿರುವ ರೈಲುಸೇತುವೆಯನ್ನು ಕಟ್ಟಿದನು. ಅದಕ್ಕೆ ಬೇಕಾದ ಸರಪಳಿಯಲ್ಲಿ ಒಂದು ಭಾಗ ಕ್ಲಿಫ್ಟನ್ನಿಗಾಗಿ ಮಾಡಿಸಿಟ್ಟದ್ದು. ಅಲ್ಲಿನ ಸಾಲ ತೀರಿಸಲು ಮಾರಿದ್ದು. ತನ್ನ ಮೊದಲ ಕನಸಿನ ಕಬ್ಬಿಣವನ್ನು ಕೊನೆಯ ಸೇತುವೆಗೆ ತಾನೇ ಬಳಸಬೇಕಾದ ಶಿಲ್ಪಿಯ ಅಂತರಂಗವನ್ನು ವಾಚಕರೇ ಊಹಿಸಬೇಕು.

ಗ್ರೇಟ್ ಈಸ್ಟರ್ನ್ ಎಂಬ 692 ಅಡಿ ಉದ್ದದ ಮಹಾನೌಕೆ ಅವನ ಆರೋಗ್ಯವನ್ನೂ ಹಣವನ್ನೂ ಹೀರಿತು. ಅದನ್ನು ನೀರಿಗಿಳಿಸುವುದಕ್ಕೇ ಮೂರು ತಿಂಗಳು ಹಿಡಿದು, 1858ರ ಜನವರಿಯಲ್ಲಿ ಅದು ತೇಲಿತು. 1859ರ ಮೇ ತಿಂಗಳಲ್ಲಿ ಸಾಲ್ಟ್ಯಾಷ್ ಸೇತುವೆಯನ್ನು ರಾಜಕುಮಾರ ಆಲ್ಬರ್ಟನು ತೆರೆದಾಗ ಬ್ರೂನೆಲನು ರೋಗಿಯಾಗಿ ದೂರವಿದ್ದನು. ಆಮೇಲೊಂದು ದಿನ ತೆರೆದ ರೈಲು ಬಂಡಿಯ ಮೇಲೆ ಮಲಗಿಸಿ ಅವನನ್ನು ಆ ಸೇತುವೆಯ ಮೇಲೆ ಒಯ್ದರು. ಸೆಪ್ಟೆಂಬರ್ 5ರಂದು ಹಡಗಿನ ಅಟ್ಟದ ಮೇಲೆಯೇ ಅವನಿಗೆ ಪಾರ್ಶ್ವವಾಯು ಬಡಿಯಿತು. ಹಡಗಿನ ಪರೀಕ್ಷಾಯಾನದಲ್ಲಿ ಉಗಿ ಸಿಡಿದು ಕೆಲಸಗಾರರು ಮಡಿದ ಸುದ್ದಿ ಹಾಸಿಗೆಗೆ ಬಂದಿತು. ಸೆಪ್ಟೆಂಬರ್ 15ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ತಂದೆಯ ಸಮಾಧಿಯಲ್ಲಿಯೇ ಮಗನನ್ನೂ ಮಲಗಿಸಿದರು. ಪ್ರಯಾಣಿಕರ ಹಡಗಾಗಿ ನಷ್ಟವನ್ನೇ ತಂದ ಗ್ರೇಟ್ ಈಸ್ಟರ್ನ್ ಮುಂದೆ 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿಯನ್ನು ಹಾಸಿತು. 1870ರಲ್ಲಿ ನಮ್ಮ ಮುಂಬಯಿಯನ್ನು ಏಡನ್ನಿಗೆ ಕೂಡಿಸಿದ ಸಮುದ್ರತಂತಿಯನ್ನು ಹಾಸಿದ್ದೂ ಅದೇ.

ಇನ್ನು ಕಾಲುಸೇತುವೆಯ ಗತಿ. ಬ್ರೂನೆಲನು ಸತ್ತ ವರ್ಷವೇ ಚೇರಿಂಗ್ ಕ್ರಾಸಿನ ತನಕ ರೈಲು ತರುವುದಕ್ಕೆ ಪಾರ್ಲಿಮೆಂಟು ಒಪ್ಪಿತು. ರೈಲು ಕಂಪೆನಿಯವರು ಮಾರುಕಟ್ಟೆಯನ್ನೂ ಸೇತುವೆಯನ್ನೂ ಕೊಂಡುಕೊಂಡರು. ಮಾರುಕಟ್ಟೆಯ ಜಾಗದಲ್ಲಿ ನಿಲ್ದಾಣ ಬಂದಿತು. 1860ರಲ್ಲಿ ಸರಪಳಿಗಳನ್ನು ಇಳಿಸಿದರು. ಜಾನ್ ಹಾಕ್‌ಷಾ ಎಂಬ ಇಂಜಿನಿಯರನು ಅಲ್ಲಿ ಕಟ್ಟಿದ ರೈಲುಸೇತುವೆ 1864ರಲ್ಲಿ ತೆರೆಯಿತು. ಇಡೀ ದೇಶಕ್ಕೆ ರೈಲಿನ ಹುಚ್ಚು ಹಿಡಿಸಿದವರಲ್ಲಿ ಒಬ್ಬನಾದ ಬ್ರೂನೆಲನ ಕಾಲುಸೇತುವೆಯನ್ನು ರೈಲೇ ನುಂಗಿತು. ತಂದೆಯ ಸುರಂಗಕ್ಕೂ ಇದೇ ಪಾಡು. 1865ರಲ್ಲಿ ಅದನ್ನು ರೈಲು ಕಂಪೆನಿಗೆ ಮಾರಿದರು; 1869ರಿಂದ ಅದರಲ್ಲಿ ಗಾಡಿಗಳು ಓಡತೊಡಗಿದುವು, ಇಂದಿಗೂ ಓಡುತ್ತಿವೆ. ಇಪ್ಪತ್ತೈದು ವರ್ಷಗಳೊಳಗೆ ತಂದೆ ಮಕ್ಕಳು ಕಾಲ್ನಡಿಗೆಯವರಿಗೆ ಕೊಟ್ಟ ಎರಡು ದಾರಿಗಳೂ ಅವರ ಕೈಬಿಟ್ಟುವು.

ಆದರೆ ಇಳಿಸಿದ ಸರಪಳಿ ತುಕ್ಕು ಹಿಡಿಯಲಿಲ್ಲ. ಗೆಳೆಯನ ನೆನಪಿಗೆ ಕ್ಲಿಫ್ಟನ್ ಸೇತುವೆಯನ್ನು ಮುಗಿಸುವುದೇ ತಕ್ಕ ಸ್ಮಾರಕವೆಂದು ಇಂಜಿನಿಯರುಗಳು ಕೂಡಿ ನಿಶ್ಚಯಿಸಿದರು. ಕೆಲಸ ಹೊತ್ತವರು ವಿಲಿಯಂ ಬಾರ್ಲೊ ಮತ್ತು ಅದೇ ಹಾಕ್‌ಷಾ. ಲಂಡನ್ನಿನಲ್ಲಿ ಬಿಚ್ಚಿದವನೇ ಬ್ರಿಸ್ಟಲ್ಲಿನಲ್ಲಿ ಕಟ್ಟಿದನು. ಹಂಗರ್‌ಫೋರ್ಡಿನ ಕೊಂಡಿಗಳನ್ನು ತಂದು, ಸಾಲದುದಕ್ಕೆ ಹೊಸವನ್ನು ಮಾಡಿಸಿ, ಪಕ್ಕಕ್ಕೆ ಮೂರು ಮೂರು ಸರಪಳಿಗಳನ್ನು ಎಳೆದರು. 702 ಅಡಿಗಳ ಅಂತರದಲ್ಲಿ, ನೀರಿನಿಂದ ಸುಮಾರು 245 ಅಡಿ ಎತ್ತರದಲ್ಲಿ, 1864ರ ಡಿಸೆಂಬರ್ 8ರಂದು ಆ ಸೇತುವೆ ತೆರೆಯಿತು. ಮೂವತ್ತಮೂರು ವರ್ಷ ಹಿಂದೆ ತರುಣನೊಬ್ಬನು ಕಂಡ ಕನಸನ್ನು ಅವನದೇ ಕಾಲುಸೇತುವೆಯ ಕಬ್ಬಿಣ ಎತ್ತಿಹಿಡಿಯಿತು. ಅರ್ಧ ಪೆನ್ನಿಯ ಜನರನ್ನು ಹದಿನೈದು ವರ್ಷ ಹೊತ್ತ ಪಟ್ಟಿಗಳು ಅಲ್ಲಿ ಒಂದೂವರೆ ಶತಮಾನಕ್ಕೂ ಮೀರಿ ತೂಗುತ್ತಿವೆ.

ಇತ್ತ ಲಂಡನ್ನಿನ ಪಾದಚಾರಿಗೆ ಉಳಿದದ್ದು ರೈಲುಸೇತುವೆಯ ಮಗ್ಗುಲಿಗೆ ಅಂಟಿಸಿದ ಕಿರಿದಾದ ಓಣಿ. ಗಾಡಿಗಳ ಗುಡುಗು, ಧೂಳು, ಕತ್ತಲೆಗಳ ನಡುವೆ ಅವನು ಒಂದು ಶತಮಾನಕ್ಕೂ ಮಿಕ್ಕು ಕಾಲ ಅಲ್ಲಿ ಓಡಾಡಿದನು. ಕೊನೆಗೆ 1996ರಲ್ಲಿ ಹೊಸ ಕಾಲುಸೇತುವೆಗಾಗಿ ಸ್ಪರ್ಧೆ ನಡೆದು, 2002ರಲ್ಲಿ ರೈಲುಸೇತುವೆಯ ಎರಡು ಪಕ್ಕಗಳಲ್ಲಿಯೂ ಒಂದೊಂದು ಅಗಲವಾದ ನಡೆದಾರಿ ಸಿದ್ಧವಾಯಿತು. ರಾಣಿ ಎರಡನೆಯ ಎಲಿಜಬೆತ್ತಳ ಆಳ್ವಿಕೆಯ ಸುವರ್ಣ ಮಹೋತ್ಸವದ ಹೆಸರನ್ನು ಅವಕ್ಕೆ ಇಟ್ಟರು. ಓರೆಯಾಗಿ ನಿಂತ ಬಿಳಿಯ ಕಂಬಗಳಿಂದ ಉಕ್ಕಿನ ಸರಳುಗಳು ಅವನ್ನು ಎತ್ತಿ ಹಿಡಿದಿವೆ. ಕಟ್ಟುವಾಗ ತೊಡಕುಗಳೂ ಕಡಮೆಯಿರಲಿಲ್ಲ. ನದಿಯ ತಳದ ಸ್ವಲ್ಪವೇ ಕೆಳಗೆ ನೆಲದಡಿಯ ರೈಲಿನ ಸುರಂಗಗಳಿವೆ. ಎರಡನೆಯ ಮಹಾಯುದ್ಧದ ಸಿಡಿಯದ ಬಾಂಬುಗಳು ಕೆಸರಿನಲ್ಲಿ ಹುದುಗಿರಬಹುದೆಂಬ ಅಂಜಿಕೆ ಬೇರೆ. ಅದಕ್ಕಾಗಿ ಆಧಾರಗಳ ಸ್ಥಾನವನ್ನೇ ಬದಲಿಸಬೇಕಾಯಿತು. ಇದೇ ನದಿಯ ಮೇಲೆ 2000ದ ಜೂನಿನಲ್ಲಿ ತೆರೆದ ಮಿಲೆನಿಯಂ ಕಾಲುಸೇತುವೆಯು ಜನರ ಹೆಜ್ಜೆಗೆ ತೂಗಾಡಿ, ಎರಡೇ ದಿನಗಳಲ್ಲಿ ಮುಚ್ಚಿ, 2002ರಲ್ಲಿ ಮತ್ತೆ ತೆರೆಯಿತು. ಜೀವಂತ ಭಾರದ ಚಂಚಲತೆಯನ್ನು ಹೊಸ ಕಾಲವೂ ಹೊಸದಾಗಿಯೇ ಕಲಿಯಬೇಕಾಯಿತು.

ಬ್ರೂನೆಲನು ನದಿಯಲ್ಲಿ ನಿಲ್ಲಿಸಿದ ಇಟ್ಟಿಗೆಯ ಬುನಾದಿಗಳು ಮಾತ್ರ ಕದಲಲಿಲ್ಲ. ಮೇಲಿನ ಗೋಪುರಗಳು ಹೋದರೂ ಅವು ರೈಲುಸೇತುವೆಯನ್ನು ಹೊತ್ತು ಇಂದಿಗೂ ನಿಂತಿವೆ. 1870ರಲ್ಲಿ ನದಿಯನ್ನು ಒತ್ತರಿಸಿ ದಡವನ್ನು ಕಟ್ಟಿದ್ದರಿಂದ ಉತ್ತರದ ಬುನಾದಿ ಈಗ ದಂಡೆಗೆ ಸಮೀಪವಾಗಿದೆ. ದಕ್ಷಿಣದ್ದು ನೀರಿನ ನಡುವೆ ಇದೆ. ಹೊಸ ನಡೆದಾರಿಯ ಮೇಲೆ ದಿನವೂ ಸಾವಿರಾರು ಜನ ಅದರ ಪಕ್ಕದಲ್ಲಿಯೇ ಹಾದುಹೋಗುತ್ತಾರೆ. ಅವರಲ್ಲಿ ಯಾರೂ ಈಗ ಸುಂಕ ಕೊಡಬೇಕಾಗಿಲ್ಲ.